ಬೆಟ್ಟಕ್ಕೆ ಹೋದವರಿಗೆ ಬೆಟ್ಟ ಕಾಣಬೇಕಾದರೆ

ಶನಿವಾರ ನಸುಕಿನಲ್ಲಿ ಬೆಂಗಳೂರು ಬಿಟ್ಟು, ದಾರಿಯಲ್ಲಿ ತಿಂಡಿ ಮುಗಿಸಿ, ಹನ್ನೊಂದರ ಹೊತ್ತಿಗೆ ಚಿಕ್ಕಮಗಳೂರು ಸೇರುವ ಕುಟುಂಬಗಳಿಗೆ ಲೆಕ್ಕವಿಲ್ಲ. ಕೈಮರದ ಚೆಕ್‌ಪೋಸ್ಟಿನಲ್ಲಿ ಕಾರುಗಳ ಸಾಲು. ಸೀತಾಳಯ್ಯನಗಿರಿಯ ಹತ್ತಿರ ಗಾಡಿ ನಿಲ್ಲಿಸಲು ಜಾಗವಿಲ್ಲ. ಕೊನೆಗೂ ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತಿ ನಿಂತರೆ ಎದುರಿಗೆ ಬೆಳ್ಳನೆಯ ಮೋಡ, ಹತ್ತು ಮಾರು ಆಚೆ ಕಣಿವೆಯಿದೆಯೋ ಕಾಡಿದೆಯೋ ತಿಳಿಯದು. ಮಕ್ಕಳು ಚಳಿಗೆ ನಡುಗುತ್ತವೆ, ಹಿರಿಯರಿಗೆ ಉಸಿರು ಹತ್ತುತ್ತದೆ. ಅರ್ಧ ಗಂಟೆ ಕಾದು, ನಾಲ್ಕು ಫೋಟೊ ತೆಗೆದು ಎಲ್ಲರೂ ಇಳಿದುಬಿಡುತ್ತಾರೆ.

ಇದನ್ನು ಅದೃಷ್ಟದ ಮಾತು ಎಂದುಕೊಳ್ಳುವವರೇ ಹೆಚ್ಚು. ಆದರೆ ಮಲೆನಾಡಿನ ಬೆಟ್ಟಗಳಲ್ಲಿ ಯಾವ ಹೊತ್ತಿಗೆ ಏನು ಕಾಣುತ್ತದೆ ಎಂಬುದಕ್ಕೆ ಸಾಕಷ್ಟು ನಿಶ್ಚಿತವಾದ ಕಾರಣಗಳಿವೆ. ಅವು ಗೊತ್ತಿದ್ದರೆ ಪ್ರವಾಸದ ತಿಂಗಳು, ಹೊರಡುವ ಗಂಟೆ, ಉಳಿದುಕೊಳ್ಳುವ ಊರು ಮೂರೂ ಬದಲಾಗುತ್ತವೆ. ಒಂದೇ ದಿನ ಏಳೆಂಟು ತಾಣ ಮುಟ್ಟಿ ಬರುವ ಬದಲು ಬೆಟ್ಟದ ಒಂದು ಮಗ್ಗುಲನ್ನು ಆರಿಸಿಕೊಂಡು ಅಲ್ಲಿ ಎರಡು ಬೆಳಗು ಕಳೆಯುವವರಿಗೇ ಈ ಸೀಮೆ ಒಲಿಯುತ್ತದೆ.

ಬೆಟ್ಟದ ಪರಿಚಯ

ಚಿಕ್ಕಮಗಳೂರಿನ ಉತ್ತರಕ್ಕೆ ಲಾಳದ ಆಕಾರದಲ್ಲಿ ನಿಂತಿರುವುದು ಚಂದ್ರದ್ರೋಣ ಪರ್ವತ ಶ್ರೇಣಿ. ಜಾಗರ ಕಣಿವೆ ಅದರ ಮಡಿಲಲ್ಲಿದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ. ಅದೇ ಶ್ರೇಣಿಯಲ್ಲಿ ಬಾಬಾಬುಡನ್‌ಗಿರಿ ಮತ್ತು ಕೆಮ್ಮಣ್ಣುಗುಂಡಿ ಇವೆ. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್ ದೇಶದಿಂದ ಏಳು ಕಾಫಿ ಬೀಜ ತಂದು ಇಲ್ಲಿ ಊರಿದರೆಂದು ಪ್ರತೀತಿ. ಪಶ್ಚಿಮಕ್ಕೆ ಹೋದಂತೆ ಕಳಸ, ಕುದುರೆಮುಖ, ಶೃಂಗೇರಿ, ಅದರಾಚೆ ಶಿವಮೊಗ್ಗ ಜಿಲ್ಲೆಯ ಆಗುಂಬೆ. ಹೊರಗಿನವರು ಇಷ್ಟನ್ನೂ 'ಚಿಕ್ಕಮಗಳೂರು ಟ್ರಿಪ್' ಎಂಬ ಒಂದೇ ಹೆಸರಿನಲ್ಲಿ ಸೇರಿಸಿಬಿಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಮೋಡ ಯಾವಾಗ ಎಲ್ಲಿರುತ್ತದೆ?

ಅರಬ್ಬಿ ಸಮುದ್ರದ ತೇವ ಹೊತ್ತ ಗಾಳಿಗೆ ಪಶ್ಚಿಮ ಘಟ್ಟ ಅಡ್ಡ ನಿಂತಿದೆ. ಗಾಳಿ ಘಟ್ಟ ಹತ್ತುತ್ತಾ ತಣ್ಣಗಾಗುತ್ತದೆ, ತಣ್ಣಗಾದಾಗ ತೇವ ಮೋಡವಾಗಿ ಮಳೆ ಸುರಿಯುತ್ತದೆ. ಘಟ್ಟದ ಅಂಚಿನಲ್ಲೇ ಇರುವ ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ನೇರ ಗೆರೆ ಎಳೆದರೆ ನೂರು ಕಿಲೋಮೀಟರ್ ಕೂಡ ಇಲ್ಲದ ಚಿಕ್ಕಮಗಳೂರು ಪಟ್ಟಣಕ್ಕೆ ಅದರ ಕಾಲು ಭಾಗವೂ ಬೀಳುವುದಿಲ್ಲ. ಹಾಗಾಗಿ ಪಟ್ಟಣದಲ್ಲಿ ಬಿಸಿಲಿದೆ ಎಂಬ ಕಾರಣಕ್ಕೆ ಕುದುರೆಮುಖದಲ್ಲೂ ಬಿಸಿಲಿರುತ್ತದೆ ಎನ್ನುವಂತಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎತ್ತರದ ಶಿಖರಗಳು ಮೋಡದ ಒಳಗೇ ಇರುತ್ತವೆ. ಆ ತಿಂಗಳುಗಳಲ್ಲಿ ತುದಿಗೆ ಹೋಗಿ ನೋಟ ಹುಡುಕುವುದು ವ್ಯರ್ಥ. ಹಸಿರು, ಝರಿ, ಮಳೆಯ ಸದ್ದು ಬೇಕೆನ್ನುವವರು ತಗ್ಗಿನಲ್ಲೇ ಉಳಿಯಬೇಕು.

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗಿನ ಕತೆ ಬೇರೆ. ರಾತ್ರಿ ಆಕಾಶ ತಿಳಿಯಾಗಿದ್ದಾಗ ನೆಲ ಬೇಗ ಆರುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ಇಳಿಜಾರಿನಲ್ಲಿ ಹರಿದು ಕಣಿವೆಯಲ್ಲಿ ಕೂರುತ್ತದೆ, ಅಲ್ಲಿ ಮಂಜಾಗುತ್ತದೆ. ಆಗ ತುದಿಯಲ್ಲಿ ನಿಂತವರಿಗೆ ಮಂಜು ಕಾಲ ಕೆಳಗೆ, ಬಿಸಿಲು ತಲೆಯ ಮೇಲೆ. ಬಿಸಿಲೇರಿದಂತೆ ಕಣಿವೆ ಕಾದು ಅದೇ ಮಂಜು ಮೇಲೇಳತೊಡಗುತ್ತದೆ. ಅನೇಕ ದಿನ ಒಂಬತ್ತು, ಹತ್ತು ಗಂಟೆಗೆ ಅದು ತುದಿಯನ್ನು ಮುಚ್ಚುತ್ತದೆ. ನಗರದಿಂದ ಬಂದ ಕಾರುಗಳು ಮೇಲೆ ತಲುಪುವುದೂ ಸರಿಯಾಗಿ ಆ ಹೊತ್ತಿಗೇ. ಸಂಜೆ ನಾಲ್ಕರ ನಂತರ ಮತ್ತೊಮ್ಮೆ ತಿಳಿಯಾಗುವ ಸಂಭವ ಹೆಚ್ಚು.

ಎತ್ತರದ ಚಳಿಗೂ ಲೆಕ್ಕವಿದೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಪಟ್ಟಣಕ್ಕಿಂತ ಮುಳ್ಳಯ್ಯನಗಿರಿ ಎಂಟುನೂರು ಮೀಟರಿಗೂ ಹೆಚ್ಚು ಮೇಲಿದೆ. ಅಂದರೆ ಐದು ಡಿಗ್ರಿ ಕಡಿಮೆ, ಅದರ ಮೇಲೆ ಗಾಳಿಯ ಹೊಡೆತ. ಡಿಸೆಂಬರ್ ಬೆಳಿಗ್ಗೆ ಹತ್ತಿಯ ಅಂಗಿಯಲ್ಲಿ ಮಗುವನ್ನು ಕರೆದೊಯ್ಯುವವರು ಇದನ್ನು ಮರೆಯಬಾರದು.

ಯಾವ ಮಗ್ಗುಲು?

ಚಂದ್ರದ್ರೋಣದ ಮಗ್ಗುಲು ಹೊಸಬರಿಗೆ ಸುಲಭ. ಉಳಿಯುವುದು ಪಟ್ಟಣದಲ್ಲಾದರೂ ಆದೀತು, ಕೈಮರದ ಸುತ್ತಮುತ್ತಲ ಹೋಂಸ್ಟೇಗಳಲ್ಲಾದರೂ ಆದೀತು. ಮುಳ್ಳಯ್ಯನಗಿರಿಗೆ ರಸ್ತೆ ಮುಗಿದ ಮೇಲೆ ನೂರಾರು ಮೆಟ್ಟಿಲು ಹತ್ತಬೇಕು. ಮೇಲೆ ಮುಳ್ಳಪ್ಪ ಸ್ವಾಮಿಯ ಗದ್ದುಗೆಯ ಚಿಕ್ಕ ದೇವಾಲಯವಿದೆ. ನಡೆಯಬಲ್ಲವರು ಸರ್ಪದಾರಿ ಹಿಡಿಯಲಿ: ಹುಲ್ಲಿನ ಏಣಿನ ಮೇಲೆ ಸುತ್ತಿ ಸುತ್ತಿ ಏರುವ ಮೂರ್ನಾಲ್ಕು ಕಿಲೋಮೀಟರಿನ ಕಾಲುದಾರಿ. ತುದಿಯಲ್ಲಿ ಮೋಡ ಕವಿದಿದ್ದರೂ ದಾರಿಯುದ್ದಕ್ಕೂ ನೋಟ ಸಿಕ್ಕಿಯೇ ಸಿಗುತ್ತದೆ, ಇದೇ ಆ ದಾರಿಯ ದೊಡ್ಡ ಲಾಭ. ಬಾಬಾಬುಡನ್‌ಗಿರಿಯ ಕಡೆ ಗಾಳಿಕೆರೆ, ಮಾಣಿಕ್ಯಧಾರಾ, ಅತ್ತಿಗುಂಡಿಯ ಹತ್ತಿರ ಹೊನ್ನಮ್ಮನ ಹಳ್ಳ ಇವೆ. ಡಿಸೆಂಬರ್ ಸುಮಾರಿಗೆ ಬರುವ ದತ್ತ ಜಯಂತಿಯಲ್ಲೂ, ಬೇರೆ ಸಮಯದಲ್ಲಿ ನಡೆಯುವ ಉರುಸಿನಲ್ಲೂ ಇತ್ತ ಸಾವಿರಾರು ಜನ ಸೇರುತ್ತಾರೆ, ಪ್ರವಾಸಿಗರ ಪ್ರವೇಶಕ್ಕೆ ನಿರ್ಬಂಧವೂ ಬೀಳುತ್ತದೆ. ಪಂಚಾಂಗ ನೋಡಿ ದಿನ ಗೊತ್ತುಮಾಡುವುದು ಒಳ್ಳೆಯದು.

ಇದೇ ಶ್ರೇಣಿಯ ಇನ್ನೊಂದು ತುದಿಯಲ್ಲಿ ಕೆಮ್ಮಣ್ಣುಗುಂಡಿ, ಎತ್ತರ 1,434 ಮೀಟರ್. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಗೆ ಕಳೆಯುತ್ತಿದ್ದ ಈ ಗಿರಿಧಾಮ ಈಗ ತೋಟಗಾರಿಕೆ ಇಲಾಖೆಯದು. ಇಲ್ಲಿನ ಝಡ್ ಪಾಯಿಂಟಿಗೆ ಶಾಂತಿ ಜಲಪಾತದ ಪಕ್ಕದಲ್ಲಿ ಹಾದು ಹೋಗುವ ಕಿರಿದಾದ ಕಾಲುದಾರಿಯಿದೆ. 168 ಮೀಟರ್ ಎತ್ತರದಿಂದ ಎರಡು ಹಂತಗಳಲ್ಲಿ ಬೀಳುವ ಹೆಬ್ಬೆ ಜಲಪಾತಕ್ಕೆ ಕಾಡಿನ ರಸ್ತೆಯಲ್ಲಿ ಜೀಪಿನಲ್ಲೇ ಹೋಗಬೇಕು. ಕೆಳಗೆ ಕಲ್ಲತ್ತಿಗಿರಿಯಲ್ಲಿ ವೀರಭದ್ರ ದೇವಾಲಯದ ಅಂಗಳದಲ್ಲೇ ನೀರು ಬೀಳುತ್ತದೆ, ಅಲ್ಲಿಗೆ ನಡೆಯಲಾಗದವರೂ ಹೋಗಬಹುದು.

ಕುದುರೆಮುಖದ ಮಗ್ಗುಲಿಗೆ ಹೋಗುವವರು ಅದಕ್ಕೆಂದೇ ಸಮಯ ಇಟ್ಟುಕೊಳ್ಳಬೇಕು. ಚಿಕ್ಕಮಗಳೂರಿನಿಂದ ಕಳಸಕ್ಕೆ ಸುಮಾರು 90 ಕಿಲೋಮೀಟರ್, ಆದರೆ ಆ ತಿರುವುಗಳಲ್ಲಿ ಎರಡೂವರೆ ಗಂಟೆಗೆ ಕಡಿಮೆ ಎಣಿಸಬಾರದು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡು ಸಿಂಗಳೀಕಗಳ ನೆಲೆ. ಒಳಗೇ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿತ್ತು. ಸುಮಾರು 1,890 ಮೀಟರ್ ಎತ್ತರದ ಶಿಖರಕ್ಕೆ ದಾರಿ ಸಂಸೆಯ ಕಡೆಯಿಂದ. ಮುಳ್ಳೋಡಿಯವರೆಗೆ ಒರಟು ರಸ್ತೆಯಲ್ಲಿ ಜೀಪು, ಅಲ್ಲಿಂದ ಹೋಗಿಬರಲು ಸುಮಾರು ಇಪ್ಪತ್ತು ಕಿಲೋಮೀಟರ್ ನಡಿಗೆ. ಶೋಲಾ ಕಾಡಿನ ನೆರಳು, ಹಳ್ಳ, ಒಂಟಿಮರ ದಾಟಿದ ಮೇಲೆ ಬಯಲಾಗಿ ಹರಡುವ ಹುಲ್ಲುಗಾವಲು: ಈ ಜಿಲ್ಲೆಯಲ್ಲಿ ಒಂದೇ ಒಂದು ಬೆಟ್ಟ ಹತ್ತುವ ಅವಕಾಶವಿರುವ ಗಟ್ಟಿಗರು ಇದನ್ನೇ ಹತ್ತಲಿ. ಅರಣ್ಯ ಇಲಾಖೆಯ ಅನುಮತಿ ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ, ರಾತ್ರಿ ತಂಗಲು ಬಿಡುವುದಿಲ್ಲ. ಚಾರಣ ಬೇಡವೆನ್ನುವವರಿಗೆ ಸಂಸೆಯ ಚಹಾ ತೋಟ, ಹೊರನಾಡು ಮತ್ತು ಕಾರ್ಕಳದ ರಸ್ತೆಯ ಹನುಮನಗುಂಡಿ ಜಲಪಾತ ಸಾಕಾಗುತ್ತದೆ.

ಮೂಡಿಗೆರೆಯ ಮಗ್ಗುಲಲ್ಲಿ ದೇವರಮನೆ, ಎತ್ತಿನಭುಜ, ಬಲ್ಲಾಳರಾಯನ ದುರ್ಗ, ರಾಣಿಝರಿ. ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುವುದೇ ಒಂದು ಪ್ರವಾಸ. ಆದರೆ ಮಳೆಗಾಲದಲ್ಲಿ ಈ ಘಾಟಿ ಕುಸಿಯುತ್ತದೆ. 2019ರ ಆಗಸ್ಟಿನಲ್ಲಿ ಹಲವೆಡೆ ಗುಡ್ಡ ಜರಿದು ಸಂಚಾರವೇ ನಿಂತಿತ್ತು.

ಆಗುಂಬೆಗೆ ಹೋಗುವವರು ನವೆಂಬರ್‌ನಿಂದ ಜನವರಿಯೊಳಗಿನ ಒಂದು ಸಂಜೆಯನ್ನು ಸೂರ್ಯಾಸ್ತಕ್ಕೆ ಇಡಬೇಕು. ಹತ್ತಿರದ ಕುಂದಾದ್ರಿಯ ಬಂಡೆಯ ಮೇಲಿರುವ ಪಾರ್ಶ್ವನಾಥ ಬಸದಿಗೆ ಬೆಳಿಗ್ಗೆ ಹೋಗಬೇಕು.

ಹೊರಡುವ ಮುನ್ನ

1. ಮೊದಲು ತಿಂಗಳು, ಆಮೇಲೆ ಜಾಗ. ಶಿಖರದ ನೋಟಕ್ಕೆ ನವೆಂಬರ್‌ನಿಂದ ಜನವರಿ. ಜಲಪಾತಕ್ಕೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್: ನೀರೂ ಇರುತ್ತದೆ, ಮಳೆಯ ಆರ್ಭಟವೂ ಇಳಿದಿರುತ್ತದೆ. ಕಾಫಿ ಹೂವಿಗೆ ಮಾರ್ಚ್, ಏಪ್ರಿಲ್. ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ, ಮೂರು ನಾಲ್ಕು ದಿನದಲ್ಲಿ ಮುಗಿಯುತ್ತದೆ. ಹೋಂಸ್ಟೇಯವರನ್ನು ಫೋನಿನಲ್ಲಿ ವಿಚಾರಿಸದೆ ಇದಕ್ಕೆ ದಿನ ಇಡಲಾಗದು.

2. ತಂಗುವ ಜಾಗ ಯಾವ ತಾಲ್ಲೂಕಿನದು ಎಂದು ಕೇಳಿಯೇ ಮುಂಗಡ ಕೊಡಿ. 'ಚಿಕ್ಕಮಗಳೂರು ಹೋಂಸ್ಟೇ' ಎಂದು ಜಾಹೀರಾತಿನಲ್ಲಿದ್ದದ್ದು ಕಳಸದಲ್ಲಿರಬಹುದು, ಮೂಡಿಗೆರೆಯಲ್ಲಿರಬಹುದು. ಅಲ್ಲಿಂದ ಮುಳ್ಳಯ್ಯನಗಿರಿಗೆ ಬೆಳಿಗ್ಗೆ ಆರಕ್ಕೆ ತಲುಪಬೇಕೆಂದರೆ ನಡುರಾತ್ರಿ ಏಳಬೇಕಾದೀತು.

3. ಅನುಮತಿ ಮೊದಲೇ ನೋಡಿಕೊಳ್ಳಿ. ಗಿರಿಶ್ರೇಣಿಗೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತ ಮುಂಗಡ ನೋಂದಣಿಯನ್ನೂ ಸಂಖ್ಯೆಯ ಮಿತಿಯನ್ನೂ ತಂದಿದೆ. ಎರಡು ಪಾಳಿಗಳಲ್ಲಿ ಬೆಳಗಿನದನ್ನೇ ಹಿಡಿಯಿರಿ. ಚಾರಣದ ದಾರಿಗಳನ್ನು ಬೇಸಗೆಯಲ್ಲಿ ಕಾಡುಕಿಚ್ಚಿನ ಭಯಕ್ಕೂ, ಮಳೆಗಾಲದಲ್ಲಿ ಕುಸಿತದ ಭಯಕ್ಕೂ ಮುಚ್ಚುವುದುಂಟು.

4. ಶುಕ್ರವಾರ ರಾತ್ರಿಯೇ ತಲುಪಿ. ಬೆಂಗಳೂರಿನಿಂದ ರಾತ್ರಿ ಬಸ್ಸುಗಳಿವೆ, ಕಡೂರಿನ ಮೂಲಕ ಪಟ್ಟಣಕ್ಕೆ 2013ರಿಂದ ರೈಲೂ ಇದೆ. ಬೆಳಿಗ್ಗೆ ಜೀಪ್ ಅಥವಾ ಟ್ಯಾಕ್ಸಿ ಮಾಡಿಕೊಂಡರೆ ಘಾಟಿಯಲ್ಲಿ ಗಾಡಿ ಓಡಿಸುವ ಆತಂಕವೂ ತಪ್ಪುತ್ತದೆ.

5. ಬೆಳಿಗ್ಗೆ ಎತ್ತರದ ಜಾಗ, ಮಧ್ಯಾಹ್ನ ಜಲಪಾತ ಅಥವಾ ತೋಟ, ಸಂಜೆ ಮತ್ತೆ ಬಯಲು. ದಿನಕ್ಕೆ ಎರಡು ಜಾಗ ಸಾಕು, ಮೂರನೆಯದು ಬೇಡ. ಎರಡು ಬೆಳಗು ಕೈಯಲ್ಲಿದ್ದರೆ ಒಂದನ್ನು ಮೋಡ ಕಸಿದುಕೊಂಡರೂ ಇನ್ನೊಂದು ಉಳಿಯುತ್ತದೆ.

6. ಪೆಟ್ರೋಲು, ಔಷಧಿ, ಚಿಲ್ಲರೆ ಹಣ ಪಟ್ಟಣದಲ್ಲೇ ತುಂಬಿಕೊಳ್ಳಿ. ಘಟ್ಟದ ಅನೇಕ ಕಡೆ ಮೊಬೈಲಿಗೆ ಸಿಗ್ನಲ್ ಇಲ್ಲ. ಫೋನಿನಲ್ಲಿ ಹಣ ಕೊಡಲಾಗದು, ನಕ್ಷೆಯೂ ತೆರೆಯದು. ದಾರಿಯ ನಕ್ಷೆಯನ್ನು ಹೊರಡುವ ಮೊದಲೇ ಇಳಿಸಿಕೊಂಡಿರಿ, ಹೋಂಸ್ಟೇಯ ಸ್ಥಿರ ದೂರವಾಣಿ ಇದ್ದರೆ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಘಾಟಿಯಲ್ಲಿ ಗಾಡಿ

ಬಯಲುಸೀಮೆಯ ಚಾಲಕರು ಎಡವುವುದು ಹತ್ತುವಾಗಲ್ಲ, ಇಳಿಯುವಾಗ. ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಅದೇ ಎಚ್ಚರಿಕೆ, ಅಗಲವಾದ ಜಾಗ ನೋಡಿ ನಿಲ್ಲಿಸಿ ಆರಲು ಬಿಡಬೇಕು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ವೇಗವನ್ನು ತಡೆಹಿಡಿಯುತ್ತದೆ. ಕಿರಿದಾದ ಕಡೆ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಇದು ಸೌಜನ್ಯದ ಮಾತಷ್ಟೇ ಅಲ್ಲ, 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೇ ಇದೆ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ಕಣ್ಣಿಗೇ ವಾಪಸ್ಸು ಬರುತ್ತದೆ. ಡಿಮ್ ಹಾಕಿ, ತಿರುವಿನಲ್ಲಿ ಹಾರ್ನ್ ಮಾಡಿ, ರಸ್ತೆಯ ಎಡ ಅಂಚನ್ನು ನೋಡಿಕೊಂಡು ನಿಧಾನಕ್ಕೆ ಸಾಗಿ.

ಎಚ್ಚರವಿರಲಿ

ಜಲಪಾತಗಳಲ್ಲಿ ಪ್ರತಿವರ್ಷ ಜೀವ ಹೋಗುತ್ತಿದೆ. ಹೆಚ್ಚಿನ ಸಾವುಗಳ ಹಿಂದೆ ಎರಡೇ ಕಾರಣ: ಬಂಡೆಯ ಮೇಲಿನ ಪಾಚಿ, ಇಲ್ಲವೆ ಹಠಾತ್ತನೆ ಏರುವ ನೀರು. ನಿಂತ ಜಾಗದಲ್ಲಿ ಹನಿ ಮಳೆಯಿಲ್ಲದಿದ್ದರೂ ಮೇಲಿನ ಕಾಡಿನಲ್ಲಿ ಸುರಿದರೆ ಹಳ್ಳ ನಿಮಿಷಗಳಲ್ಲಿ ಉಕ್ಕುತ್ತದೆ. ನೀರಿನ ಬಣ್ಣ ಕೆಂಪಗಾದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ ಆ ಕ್ಷಣವೇ ದಡ ಸೇರಬೇಕು. ಊರಿನವರು ಇಳಿಯಬೇಡಿ ಎಂದರೆ ವಾದಕ್ಕೆ ನಿಲ್ಲದೆ ಕೇಳಿಬಿಡಿ.

ಮಳೆಗಾಲದ ಕಾಡಿನಲ್ಲಿ ಇಂಬಳ ತಪ್ಪಿದ್ದಲ್ಲ. ಅದು ಕಚ್ಚುವಾಗ ನೋವಾಗದಂತೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶಗಳು ಅದರ ಜೊಲ್ಲಿನಲ್ಲೇ ಇವೆ. ಹಾಗಾಗಿ ಅದು ಬಿಟ್ಟ ಮೇಲೂ ರಕ್ತ ಸ್ವಲ್ಪ ಹೊತ್ತು ಒಸರುತ್ತದೆ, ಗಾಬರಿಯಾಗಬೇಕಿಲ್ಲ. ಎಳೆದು ಕೀಳಬೇಡಿ. ಉಪ್ಪು ಅಥವಾ ಸುಣ್ಣ ತಾಗಿಸಿದರೆ ತಾನೇ ಉದುರುತ್ತದೆ.

ಇಂಬಳಕ್ಕಿಂತ ಹೆಚ್ಚು ಹೆದರಬೇಕಾದ್ದು ಉಣ್ಣೆಗೆ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಜ್ವರ ಡಿಸೆಂಬರ್‌ನಿಂದ ಮೇ ತನಕ ಹೆಚ್ಚು, ಅಂದರೆ ಪ್ರವಾಸದ ಕಾಲದಲ್ಲೇ. ಪೂರ್ತಿ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಉಣ್ಣೆಗೆ ಹಚ್ಚುವ ತೈಲ ಇರಲಿ. ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ. ಕಾಡಿನಿಂದ ಬಂದವರು ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಿ. ಊರಿಗೆ ಮರಳಿದ ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು. ನಗರದ ಆಸ್ಪತ್ರೆಯಲ್ಲಿ ಅದು ಯಾರಿಗೂ ತಾನಾಗಿ ಹೊಳೆಯುವುದಿಲ್ಲ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಸಿಡಿಲಿನ ಮೋಡ ಬೇಗ ಕಟ್ಟುತ್ತದೆ. ಗುಡುಗು ಕೇಳಿದರೆ ಏಣು ಬಿಟ್ಟು ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಮೂಡಿಗೆರೆ, ಆಲ್ದೂರು ಕಡೆಯ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ. ಬೆಳಗಿನ ಕತ್ತಲಲ್ಲಿ, ಸಂಜೆ ಮುಸುಕಿದ ಮೇಲೆ ಅಲ್ಲಿ ನಡಿಗೆ ಬೇಡ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹುಲ್ಲಿನ ಗುಡ್ಡದ ಮೇಲೆ ಜೀಪು, ಬೈಕು ಹತ್ತಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ನೋಡಲು ಅದು ಬರೀ ಹುಲ್ಲು. ಆದರೆ ಬಂಡೆಯ ಮೇಲಿನ ತೆಳುವಾದ ಮಣ್ಣನ್ನು ಹಿಡಿದಿಟ್ಟಿರುವುದು ಅದರ ಬೇರು. ಮಳೆನೀರು ಆ ಬೇರುಗಳ ನಡುವೆ ಇಂಗಿ, ಮಡಿಕೆಗಳಲ್ಲಿರುವ ಶೋಲಾ ಕಾಡಿನ ಮೂಲಕ ತಿಂಗಳುಗಟ್ಟಲೆ ನಿಧಾನವಾಗಿ ಹಳ್ಳಕ್ಕೆ ಇಳಿಯುತ್ತದೆ. ಚಕ್ರ ಹಾದ ಕಡೆ ಹುಲ್ಲು ಸಾಯುತ್ತದೆ, ಮುಂದಿನ ಮಳೆಗೆ ಅದೇ ಗೆರೆ ಕೊರಕಲಾಗುತ್ತದೆ. ಈ ಬೆಟ್ಟಗಳಿಂದ ಹುಟ್ಟುವ ವೇದಾ, ಅವತಿ ಎಂಬ ಎರಡು ಹೊಳೆಗಳು ಸೇರಿ ವೇದಾವತಿಯಾಗುತ್ತವೆ, ಆ ನೀರು ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. ಮುಳ್ಳಯ್ಯನಗಿರಿಯ ಇಳಿಜಾರಿನಲ್ಲಿ ಆದ ಗಾಯದ ನೋವು ಚಿತ್ರದುರ್ಗದ ರೈತನವರೆಗೂ ಮುಟ್ಟುತ್ತದೆ. 2022ರಲ್ಲಿ ಕುರಿಂಜಿ ಅರಳಿದಾಗ ಹೂವಿನ ನಡುವೆ ಫೋಟೊಕ್ಕೆಂದು ಗುಡ್ಡವನ್ನೇ ತುಳಿದವರಿದ್ದರು. ದಾರಿಯ ಮೇಲೆ ನಿಂತೇ ಅದೆಲ್ಲವೂ ಕಾಣುತ್ತಿತ್ತು.

ಕಾಫಿ ತೋಟವನ್ನು ಉದ್ಯಾನವೆಂದು ತಿಳಿದು ಬೇಲಿ ದಾಟುವುದು ಎರಡನೆಯ ತಪ್ಪು. ತೋಟಕ್ಕೆ ಯಜಮಾನರಿದ್ದಾರೆ. ಹಣ್ಣು ಕೊಯ್ಯುವ ನವೆಂಬರ್‌ನಿಂದ ಮಾರ್ಚ್‌ವರೆಗೆ ಕೆಲಸದವರ ಓಡಾಟ ಹೆಚ್ಚು. ಒಂದು ಮಾತು ಕೇಳಿದರೆ ಬೇಡವೆನ್ನುವವರು ಕಡಿಮೆ. ಕೇಳಿ ಹೋದವರಿಗೆ ಅರೇಬಿಕಾ ಯಾವುದು ರೊಬಸ್ಟಾ ಯಾವುದು ಎಂದು ತೋರಿಸಿ, ಕಾಫಿ ಕೊಟ್ಟು ಕಳಿಸುವ ಮನೆಗಳು ಮಲೆನಾಡಿನಲ್ಲಿ ಈಗಲೂ ಇವೆ.

ನಕ್ಷೆ ತೋರಿಸಿದ ಸಮಯವನ್ನು ನಂಬುವುದು, ಹೊಸ ಚಪ್ಪಲಿಯಲ್ಲಿ ಬೆಟ್ಟ ಹತ್ತುವುದು, ಕುರುಕಲಿನ ಪೊಟ್ಟಣ ಮತ್ತು ಬಾಟಲಿ ಬಿಟ್ಟು ಬರುವುದು ಇನ್ನುಳಿದವು. ಕಾಡಿನ ರಸ್ತೆಯಲ್ಲಿ ಜೋರಾಗಿ ಹಾಡು ಹಾಕಿಕೊಂಡು ಹೋಗುವವರು ಹಕ್ಕಿಯ ದನಿ ಕೇಳದೆಯೇ ಊರಿಗೆ ಮರಳುತ್ತಾರೆ.

ಮೊಣಕಾಲು ನೋವಿನ ಹಿರಿಯರಿದ್ದರೆ

ತಂದೆ ತಾಯಿಯನ್ನು ಹೋಂಸ್ಟೇಯಲ್ಲಿ ಬಿಟ್ಟು ಮಕ್ಕಳು ಮಾತ್ರ ಬೆಟ್ಟ ಹತ್ತಿ ಬರುವುದು ಸಾಮಾನ್ಯ. ಹಾಗೆ ಬಿಡಬೇಕಿಲ್ಲ. ಕೆಮ್ಮಣ್ಣುಗುಂಡಿಯ ತೋಟದವರೆಗೆ ಗಾಡಿ ಹೋಗುತ್ತದೆ, ಕುಂದಾದ್ರಿಗೂ ಮೇಲೆ ತನಕ ರಸ್ತೆಯಿದೆ, ಕೊನೆಯ ಕೆಲವು ಮೆಟ್ಟಿಲುಗಳನ್ನು ಕೈಹಿಡಿದು ಹತ್ತಿಸಬಹುದು. ಆಗುಂಬೆಯ ಸೂರ್ಯಾಸ್ತದ ಜಾಗವಂತೂ ರಸ್ತೆಯ ಬದಿಯಲ್ಲೇ ಇದೆ. ಇನ್ನೂ ಸಲೀಸಾದದ್ದು ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ. ಚಂದ್ರದ್ರೋಣದ ನೀರಿನಿಂದಲೇ ತುಂಬುವ ಈ ಹಳೆಯ ಕೆರೆಯ ಹಿಂದೆ ಶಕುನಗಿರಿ ನಿಂತಿದೆ. ಏರಿಯ ಮೇಲೆ ನಿಧಾನಕ್ಕೆ ಓಡಾಡಿದರೆ ಬೆಟ್ಟವೂ ನೀರೂ ಒಟ್ಟಿಗೆ ಕಾಣುತ್ತವೆ. ಮಳೆ ಮುಗಿದ ಮೇಲಿನ ಎರಡು ಮೂರು ತಿಂಗಳು ಕೆರೆ ತುಂಬಿರುವ ಕಾಲ. ಚಿಕ್ಕಮಗಳೂರಿನಿಂದ ಕಡೂರಿನ ದಾರಿಯಲ್ಲಿ ಹೋಗಿ ಸಖರಾಯಪಟ್ಟಣದಲ್ಲಿ ತಿರುಗಬೇಕು. ಭಾನುವಾರ ಮಧ್ಯಾಹ್ನ ಊರಿಗೆ ಹಿಂದಿರುಗುವವರಿಗೆ ಇದು ಹೆಚ್ಚು ಸುತ್ತೇನೂ ಆಗುವುದಿಲ್ಲ, ಕುಡಿಯುವ ನೀರು ಮತ್ತು ತಿಂಡಿಯನ್ನು ಮಾತ್ರ ಜೊತೆಗೆ ಒಯ್ಯಬೇಕು.